ಒಬ್ಬರಿಗೆ ಮಾತ್ರ ಜಾಗ

ಮೊನ್ನೆ ಹಲಸೂರಿನಲ್ಲಿ ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ ಮಳೆ ಹಿಡಿಯಿತು. ಸ್ಟಾಪಿನ ಪಕ್ಕ ತಳ್ಳುಗಾಡಿಯಲ್ಲಿ ಇಸ್ತ್ರಿ ಮಾಡುವ ಹೆಂಗಸು ಬಟ್ಟೆಗಳ ಮೇಲೆ ಪ್ಲಾಸ್ಟಿಕ್ ಎಳೆದು, ಇಸ್ತ್ರಿ ಪೆಟ್ಟಿಗೆಯ ಕೆಂಡವನ್ನು ನೆಲಕ್ಕೆ ಸುರಿದಳು. ಮಳೆನೀರು ಬಿದ್ದು ಕೆಂಡ ಚುರ್ ಅಂದಿತು. ಒದ್ದೆ ಇದ್ದಿಲಿನ ಆ ಹೊಗೆ ಮೂಗಿಗೆ ಬಡಿದದ್ದೇ ತಡ, ನಾನು ಸ್ಟಾಪಿನ ಕಂಬ ಹಿಡಿದುಕೊಂಡೆ. ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಎದ್ದು ನನ್ನನ್ನು ಕಲ್ಲುಬೆಂಚಿನ ಮೇಲೆ ಕೂರಿಸಿದಳು. ಅಷ್ಟರಲ್ಲಿ ಬಸ್ಸು ಬಂತು. ಬಾಗಿಲಲ್ಲಿ ಜನ ಜೋತಾಡುತ್ತಿದ್ದರು. ನಿಲ್ಲಿಸದೆ ಹೋಯಿತು. ಐದಾರು ಜನ ಹಿಂದೆ ಓಡಿ, ಬೈದು, ವಾಪಸು ಬಂದರು. ಆ ಹುಡುಗಿ ಗಡಿಯಾರ ನೋಡಿಕೊಂಡು, ಇವತ್ತು ಇಂಟರ್ನಲ್ಸ್ ಇತ್ತು ತಾತ, ಅಂದಳು. ನಾನೂ ಒಂದು ಕಾಲದಲ್ಲಿ ಹಾಗೆ ನಿಲ್ಲಿಸದೆ ಹೋದವನೇ.

ಎರಡನೇ ಮಹಾಯುದ್ಧದ ಕೊನೆಯ ವರ್ಷಗಳು. ನನಗೆ ಇಪ್ಪತ್ತೆರಡು. ಸೋಮೇಶ್ವರನ ಗುಡಿಯ ಹಿಂದಿನ ಬೀದಿಯಲ್ಲಿ ನಮ್ಮ ಮನೆ. ಕೆ.ಆರ್. ಪುರದಿಂದ ಶಿವಾಜಿನಗರಕ್ಕೆ ಓಡುತ್ತಿದ್ದ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದೆ. ಶಿವಾಜಿನಗರವನ್ನು ಆಗ ಹೆಚ್ಚಿನವರು ಬ್ಲಾಕ್‌ಪಲ್ಲಿ ಅನ್ನುತ್ತಿದ್ದರು. ಪೆಟ್ರೋಲೆಲ್ಲ ಮಿಲಿಟರಿಗೆ ಹೋಗುತ್ತಿತ್ತು. ನಮ್ಮ ಬಸ್ಸಿನ ಬೆನ್ನಿಗೆ ಆಳೆತ್ತರದ ಕಬ್ಬಿಣದ ಪೀಪಾಯಿ ಕಟ್ಟಿದ್ದರು. ಅದರಲ್ಲಿ ಇದ್ದಿಲು ಉರಿಸಿ, ಅದರ ಗ್ಯಾಸಿನಿಂದ ಎಂಜಿನ್ ಓಡಿಸಬೇಕು. ಒಲೆ ಹೊತ್ತಿಸಿ ಗಾಳಿ ಊದುವ ಚಕ್ರ ತಿರುಗಿಸಿದರೆ ಅರ್ಧ ಗಂಟೆಗೆ ಗ್ಯಾಸ್ ಕಟ್ಟುತ್ತಿತ್ತು. ಇದ್ದಿಲು ಒದ್ದೆಯಾಗಿದ್ದರೆ ಒಂದು ಗಂಟೆಯಾದರೂ ಆಯಿತು. ಬಿನ್ನಮಂಗಲದ ದಿಬ್ಬ ಬಂದರೆ ಗಂಡಸರೆಲ್ಲ ಇಳಿದು ತಳ್ಳಬೇಕು.

ಅದೇ ಹೊತ್ತಿಗೆ ಊರು ಪೂರ್ವಕ್ಕೆ ಉಕ್ಕುತ್ತಿತ್ತು. ವಿಮಾನದ ಕಾರ್ಖಾನೆ ಬಂತು, ದೊಮ್ಮಲೂರಿನ ಕಡೆ ಮಿಲಿಟರಿ ಕ್ಯಾಂಪುಗಳು ಬಂದವು, ಹಲಸೂರಿನ ಸುತ್ತ ಡಿಪೋಗಳು, ವರ್ಕ್‌ಶಾಪುಗಳು. ಕೋಲಾರ, ಸೇಲಂ, ಆರ್ಕಾಟಿನ ಕಡೆಯಿಂದ ಜನ ದಿನವೂ ಬಂದಿಳಿಯುತ್ತಿದ್ದರು. ಮರ್ಫಿ ಟೌನಿನಲ್ಲಿ ಒಂದು ಪಾಳಿಯವರು ಎದ್ದ ಚಾಪೆಯ ಮೇಲೆ ಇನ್ನೊಂದು ಪಾಳಿಯವರು ಮಲಗುತ್ತಿದ್ದರು. ಅಲ್ಲಿಯೂ ಜಾಗ ಸಿಗದವರು ಬೈಯಪ್ಪನಹಳ್ಳಿ ದಾಟಿ ಕೆ.ಆರ್. ಪುರದ ತನಕ ಹೋಗಿ ನೆಲೆಸಿದರು. ಕೆಲಸ, ಆಸ್ಪತ್ರೆ, ಮಾರ್ಕೆಟ್ಟು ಎಲ್ಲ ಇದ್ದದ್ದು ಈ ಕಡೆ. ಜನ ಇದ್ದದ್ದು ಆ ಕಡೆ. ನಡುವೆ ಎಂಟು ಮೈಲಿ ರಸ್ತೆ. ಮೊದಲು ಆ ದಾರಿಯಲ್ಲಿ ನಮ್ಮ ಕಂಪನಿಯ ಮೂರು ಬಸ್ಸು ಓಡುತ್ತಿದ್ದವು. ಟೈರು ಸಿಗದೆ ಒಂದು ನಿಂತಿತು. ಇನ್ನೊಂದು ಇವತ್ತೋ ನಾಳೆಯೋ ಅನ್ನುವಂತಿತ್ತು. ಬೆಳಗಿನ ಪ್ಯಾಸೆಂಜರ್ ರೈಲು ಮಿಲಿಟರಿ ಸ್ಪೆಷಲ್ಲುಗಳಿಗೆ ದಾರಿ ಬಿಡುತ್ತಾ ಯಾವ ಹೊತ್ತಿಗೆ ಕಂಟೋನ್ಮೆಂಟ್ ಮುಟ್ಟುತ್ತದೋ ಸ್ಟೇಷನ್ ಮಾಸ್ಟರಿಗೂ ಗೊತ್ತಿರುತ್ತಿರಲಿಲ್ಲ. ಜಟಕಾದವರು ಹುರುಳಿ ಸಿಗದೆ ಬಡಕಲಾದ ಕುದುರೆಗಳನ್ನು ಅಷ್ಟು ದೂರ ಓಡಿಸಲು ಒಪ್ಪುತ್ತಿರಲಿಲ್ಲ.

ನಮ್ಮ ಬಸ್ಸಿನಲ್ಲಿ ಮೂವತ್ತು ಸೀಟು. ನಿಲ್ಲಿಸಿಕೊಂಡರೆ ಇನ್ನು ಹತ್ತು ಜನ. ಬೆಳಗ್ಗೆ ಕೆ.ಆರ್. ಪುರದ ಹುಣಿಸೆಮರದ ಕೆಳಗೆ ನೂರಕ್ಕೆ ಕಡಿಮೆಯಿಲ್ಲದ ಜನ ಕಾಯುತ್ತಿದ್ದರು. ಡಿಪೋ, ವರ್ಕ್‌ಶಾಪುಗಳಲ್ಲಿ ಯುದ್ಧದ ಕೆಲಸ ಮಾಡುವವರಿಗೆ ಪಾಸು ಕೊಟ್ಟಿದ್ದರು. ಅವರನ್ನು ಮೊದಲು ಹತ್ತಿಸಬೇಕೆಂದು ಕಂಪನಿಯ ಹುಕುಂ. ಉಳಿದರೆ ಮಿಕ್ಕವರು. ಟಿಕೆಟ್ ಹರಿಯುವುದು ನನ್ನ ಕೆಲಸವೆಂಬುದು ಹೆಸರಿಗಷ್ಟೆ, ನಿಜವಾಗಿ ನಾನು ಮಾಡುತ್ತಿದ್ದದ್ದು ಫುಟ್‌ಬೋರ್ಡಿನಿಂದ ಕೈಗಳನ್ನು ಬಿಡಿಸುವ ಕೆಲಸ.

ನಮ್ಮ ಡ್ರೈವರ್ ಖಾದರ್ ಸಾಹೇಬರು. ಶಿವಾಜಿನಗರದವರು, ಐವತ್ತು ದಾಟಿದವರು, ಮಾತು ಕಡಿಮೆ. ಹಿಂದಿನ ಬಲಗಡೆಯ ಟೈರಿಗೆ ಅವರೇ ತೊಗಲು ಕೊಟ್ಟು ಹೊಲಿಸಿದ್ದರು. ಹೊರಡುವ ಮೊದಲು ಪ್ರತಿದಿನ ಅದನ್ನು ಸವರಿ ನೋಡಿ, ನನಗೆ ಹೇಳುತ್ತಿದ್ದರು: "ನಲವತ್ತರ ಮೇಲೆ ಒಬ್ರೂ ಬೇಡ ಬೇಟಾ. ಇದು ಒಡೆದ್ರೆ ಬೇರೆ ಇಲ್ಲ. ಆಮೇಲೆ ಎಲ್ರೂ ನಡೀಬೇಕು." ಅದು ಸುಳ್ಳಾಗಿರಲಿಲ್ಲ. ಅದಕ್ಕೇ ಇವತ್ತಿಗೂ ನನಗೆ ಆ ವರ್ಷದ ಲೆಕ್ಕ ಬಗೆಹರಿದಿಲ್ಲ.

ಚಿತ್ತೆ ಮಳೆ ಶುರುವಾದ ಮೇಲೆ ಒಂದು ಬೆಳಗ್ಗೆ ಪಿಳ್ಳಪ್ಪ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದ. ಮೇಡಹಳ್ಳಿಯವನು, ಇಟ್ಟಿಗೆ ಗೂಡಿನ ಕೆಲಸಗಾರ. ಕಂಟೋನ್ಮೆಂಟಿನಲ್ಲಿ ಆಗ ಏಳುತ್ತಿದ್ದ ಬ್ಯಾರಕ್ಕು, ಕ್ವಾರ್ಟರ್ಸುಗಳಿಗೆಲ್ಲ ಇಟ್ಟಿಗೆ ಹೋಗುತ್ತಿದ್ದದ್ದು ಅಲ್ಲಿಂದಲೇ. ಮಗಳ ಹೆಸರು ಚಿನ್ನಿ, ಏಳು ವರ್ಷವಿರಬಹುದು. ಎರಡು ದಿನದ ಹಿಂದೆ ಗೂಡಿನ ಹತ್ತಿರ ಹುಚ್ಚುನಾಯಿ ಬಂದು ಅವಳ ತೋಳಿಗೆ ಬಾಯಿ ಹಾಕಿತಂತೆ. ಇವನು ಬರಿಗೈಯಲ್ಲಿ ನಾಯಿಯ ದವಡೆ ಬಿಡಿಸಿದನಂತೆ. ಬಿಡಿಸುವಾಗ ಅವನ ಅಂಗೈಯೂ ಹರಿದಿತ್ತು. ಹಿಂದಿನ ದಿನ ಇಟ್ಟಿಗೆ ಗಾಡಿಯಲ್ಲಿ ಶಿವಾಜಿನಗರದ ಹತ್ತಿರದ ದೊಡ್ಡಾಸ್ಪತ್ರೆಗೆ ಹೋಗಿ ಮೊದಲನೇ ಸೂಜಿ ಹಾಕಿಸಿಕೊಂಡು ಬಂದಿದ್ದರು. ಹೊಟ್ಟೆಯ ಸುತ್ತ ಹದಿನಾಲ್ಕು ಸೂಜಿ, ದಿನಕ್ಕೊಂದು, ಒಂದು ದಿನವೂ ತಪ್ಪಬಾರದೆಂದು ಹೇಳಿದ್ದರು. ಸೂಜಿ ಕೋಣೆಯ ಬಾಗಿಲು ಹತ್ತೂವರೆಗೆ ಹಾಕುತ್ತಾರೆ. ಅವನು ಜೇಬಿನಿಂದ ಎರಡು ಚೀಟಿ ತೆಗೆದು ತೋರಿಸಿದ. ಒಂದು ಮಗಳದು, ಒಂದು ಅವನದು. ಎರಡನ್ನೂ ನಾನು ಕೈಯಲ್ಲಿ ಹಿಡಿದು ಓದಿದೆ. ಇದನ್ನು ಮರೆಯದೆ ಬರೆಯಬೇಕು, ಎರಡನ್ನೂ ಓದಿದ್ದೆ.

ಅವನ ಹೆಂಡತಿ ಯಲ್ಲಮ್ಮ ಹಸಿ ಬಾಣಂತಿ. ಅವಳ ಅಣ್ಣ ಹೊಡೆಯುತ್ತಿದ್ದ ಇಟ್ಟಿಗೆ ಗಾಡಿ ದಿನವೂ ಈ ಕಡೆ ಬರುತ್ತಿರಲಿಲ್ಲ. ಹಾಗಾಗಿ ಮಗುವನ್ನು ಕರೆತರುವವರು ಬೇರೆ ಯಾರೂ ಇರಲಿಲ್ಲ.

ಮೊದಲ ಮೂರು ದಿನ ಇಬ್ಬರನ್ನೂ ಹತ್ತಿಸಿಕೊಂಡೆ. ಜನ ಅವರ ಪಕ್ಕ ಕೂರಲು ಹೆದರುತ್ತಿದ್ದರು. ಆ ತುಂಬಿದ ಬಸ್ಸಿನಲ್ಲೂ ಅವರ ಸುತ್ತ ಒಂದು ಗೇಣು ಜಾಗ ಖಾಲಿ ಇರುತ್ತಿತ್ತು. ಪಿಳ್ಳಪ್ಪ ಅದನ್ನು ಗಮನಿಸಿ, ಮಗಳನ್ನು ತೊಡೆಯ ಮೇಲೆಳೆದುಕೊಂಡು ಇನ್ನಷ್ಟು ಮುದುರಿ ಕೂರುತ್ತಿದ್ದ. ಚಿನ್ನಿ ಮಾತ್ರ ಕಿಟಕಿಯಿಂದ ಹಲಸೂರು ಕೆರೆ ಯಾವಾಗ ಬರುತ್ತದೆಂದು ಕತ್ತು ಉದ್ದ ಮಾಡುತ್ತಿದ್ದಳು. ಮಳೆಗೆ ಕೆರೆ ತುಂಬಿ ಕೋಡಿ ಬಿದ್ದಿತ್ತು.

ನಾಲ್ಕನೇ ದಿನ ಬೆಳಗ್ಗೆ ಇನ್ನೊಂದು ಬಸ್ಸು ನಿಂತುಹೋಯಿತು. ಅವತ್ತು ಹುಣಿಸೆಮರದ ಕೆಳಗೆ ಜನವೋ ಜನ. ಇದ್ದಿಲು ಒದ್ದೆಯಾಗಿ ನಮಗೂ ಮುಕ್ಕಾಲು ಗಂಟೆ ತಡ. ಪಾಸಿನವರು ಕೂಗಾಡುತ್ತಿದ್ದರು. ತಡವಾದರೆ ಡಿಪೋ ಗೇಟು ಹಾಕುತ್ತಿದ್ದರು, ಮೂರು ಸಲ ಹಾಗಾದರೆ ಕೆಲಸವೇ ಹೋಗುತ್ತಿತ್ತು. ನಲವತ್ತು ಎಣಿಸಿ ಮುಗಿಯುವಾಗ ಪಿಳ್ಳಪ್ಪ ಫುಟ್‌ಬೋರ್ಡಿನ ಮುಂದೆ ನಿಂತಿದ್ದ. ನಾನು ಖಾದರ್ ಸಾಹೇಬರ ಕಡೆ ನೋಡಿದೆ. ಅವರು ಟೈರಿನ ಕಡೆ ನೋಡಿದರು.

"ಒಬ್ರಿಗೆ ಮಾತ್ರ ಜಾಗ," ಅಂದೆ.

ಅವನು ಒಂದು ಕ್ಷಣವೂ ಯೋಚಿಸಲಿಲ್ಲ. ಮಗಳನ್ನು ಎತ್ತಿ ನನ್ನ ಕೈಗೆ ಕೊಟ್ಟ. ಆಸ್ಪತ್ರೆ ಬಾಗಿಲ ಹತ್ತಿರ ಕೂರಿಸಿರಿ, ನಾನು ಓಡಿ ಬರುತ್ತೇನೆ ಅಂದ. ಬಸ್ಸು ಹೊರಟಾಗ ಹಿಂದೆ ನೋಡಿದೆ. ಪಂಚೆ ಮೇಲಕ್ಕೆ ಕಟ್ಟಿಕೊಂಡು ಅವನು ಆಗಲೇ ರಸ್ತೆಯಲ್ಲಿದ್ದ.

ಅವತ್ತು ದಾರಿಯಲ್ಲಿ ಯಾವುದೋ ಮಿಲಿಟರಿ ಲಾರಿಯವರು ಹತ್ತಿಸಿಕೊಂಡು, ಹೇಗೋ ಬಾಗಿಲು ಹಾಕುವ ಮುಂಚೆ ಬಂದು ಮುಟ್ಟಿದನಂತೆ. ಮಾರನೆಯ ದಿನವೂ ಒಬ್ಬರಿಗೇ ಜಾಗ. ಅವತ್ತು ಯಾವ ಲಾರಿಯೂ ಸಿಗಲಿಲ್ಲ. ಬೈಯಪ್ಪನಹಳ್ಳಿ ದಾಟಿದ ಮೇಲೆ ಬಸ್ಸು ಕೆಟ್ಟು ಅರ್ಧ ಗಂಟೆ ನಿಂತಿತ್ತು. ಮತ್ತೆ ಹೊರಡುವ ಹೊತ್ತಿಗೆ ಹಿಂದಿನಿಂದ ಅವನು ಓಡಿ ಬರುತ್ತಿದ್ದದ್ದು ಕಾಣಿಸಿತು. ಕೈ ಎತ್ತಿದ. ನಿಲ್ಲಿಸಿ ಅಂತಲೋ, ಮಗಳಿಗೆ ಕಾಣಿಸಲೆಂದೋ ಗೊತ್ತಾಗಲಿಲ್ಲ. ಆಗ ತಾನೇ ಹೊರಟ ಬಸ್ಸನ್ನು ಮತ್ತೆ ನಿಲ್ಲಿಸಿದರೆ ಗ್ಯಾಸು ಬಿದ್ದುಹೋಗುತ್ತಿತ್ತು. ನಾನು ಗಂಟೆಯ ಹಗ್ಗ ಎಳೆಯಲಿಲ್ಲ. ಚಿನ್ನಿ ಕಿಟಕಿಯಿಂದ "ಅಪ್ಪ ಅಪ್ಪ" ಅಂತ ಕೂಗಿದಳು. ಅವನು ಚಿಕ್ಕದಾಗುತ್ತಾ ಹೋದ. ಆ ದಿನ ಅವನು ಆಸ್ಪತ್ರೆ ಮುಟ್ಟಿದಾಗ ಬಾಗಿಲು ಹಾಕಿತ್ತು. ಮಗಳು ಸೂಜಿ ಹಾಕಿಸಿಕೊಂಡು ಹೊರಗಿನ ಮೆಟ್ಟಿಲ ಮೇಲೆ ಹೊಟ್ಟೆ ಹಿಡಿದುಕೊಂಡು ಕೂತಿದ್ದಳಂತೆ.

ಮುಂಜಾನೆಯೇ ಹೊರಟರೆ ಆಗುವುದಿಲ್ಲವೇ ಎಂದು ನನಗೂ ಅನಿಸಿತ್ತು, ಕೇಳಿಯೂ ಕೇಳಿದೆ. ಮಗುವನ್ನು ಮೇಡಹಳ್ಳಿಯಿಂದ ಸ್ಟಾಪಿನ ತನಕ ಹೊತ್ತು ತರಬೇಕು, ಬಸ್ಸು ಬರುವ ತನಕ ಕಾದು ನನ್ನ ಕೈಗೆ ಕೊಡಬೇಕು, ಆಮೇಲೆ ತಾನೇ ಅವನ ನಡಿಗೆ ಶುರು. ಅವಳನ್ನು ಹೊತ್ತುಕೊಂಡೇ ಪೂರ್ತಿ ದಾರಿ ನಡೆದರೆ ಇಬ್ಬರಿಗೂ ತಪ್ಪುತ್ತದೆ. ಬಸ್ಸಾದರೂ ಹೇಳಿದ ಹೊತ್ತಿಗೆ ಬರುತ್ತಿದ್ದರೆ ಏನಾದರೂ ಲೆಕ್ಕ ಹಾಕಬಹುದಿತ್ತು. ಅತ್ತ ಗೂಡಿನ ಮೇಸ್ತ್ರಿ ಇನ್ನೊಂದು ದಿನ ತಪ್ಪಿಸಿದರೆ ಬೇರೆ ಆಳು ನೋಡಿಕೊಳ್ಳುತ್ತೇನೆಂದು ಹೇಳಿಬಿಟ್ಟಿದ್ದ.

ಆರನೆಯ ದಿನ ಪಿಳ್ಳಪ್ಪ ಬಂದು ತುಂಬ ನಿಧಾನವಾಗಿ, ಹೆದರಿಕೊಂಡೇ ಕೇಳಿದ. ಮಗುವನ್ನು ನಾನೇ ಆಸ್ಪತ್ರೆ ಒಳಗೆ ಕರೆದುಕೊಂಡು ಹೋಗಿ, ಸೂಜಿ ಹಾಕಿಸಿ, ವಾಪಸು ಬಸ್ಸಿನಲ್ಲಿ ತಂದುಬಿಡಲು ಆಗುತ್ತದೆಯೇ ಎಂದು. ಶಿವಾಜಿನಗರದಲ್ಲಿ ಬಸ್ಸು ಒಂದು ಗಂಟೆ ನಿಲ್ಲುತ್ತಿತ್ತು. ಬೂದಿ ತೆಗೆದು ಇದ್ದಿಲು ತುಂಬಬೇಕು. ಖಾದರ್ ಸಾಹೇಬರು ಆ ಕೆಲಸ ತಾನು ನೋಡಿಕೊಳ್ಳುತ್ತೇನೆ ಅಂದರು. ನಾನು ಒಪ್ಪಿದೆ. ಪಿಳ್ಳಪ್ಪ ಕೈ ಮುಗಿದ. ಆಗ ಅವನ ಅಂಗೈ ನೋಡಿದೆ. ಗಾಯ ಕಪ್ಪು ಕಟ್ಟಿ ಒಣಗಿತ್ತು. ನಾನು ನೋಡಿದ್ದನ್ನು ಅವನೂ ಕಂಡ.

"ನಂದು ವಾಸಿ ಆಗೋಯ್ತು ಸ್ವಾಮಿ," ಅಂದ.

ಆಗಿಲ್ಲವೆಂದು ನನಗೆ ಗೊತ್ತಿತ್ತು. ಹುಚ್ಚುನಾಯಿಯ ವಿಷ ಗಾಯದ ಜೊತೆ ಒಣಗುವುದಿಲ್ಲವೆಂದು ಹಲಸೂರಿನ ಚಿಕ್ಕಮಕ್ಕಳಿಗೂ ಗೊತ್ತಿತ್ತು. ಆ ಎರಡನೇ ಚೀಟಿ ಎಲ್ಲಿ ಅಂತ ನಾನು ಕೇಳಲಿಲ್ಲ. ಕೇಳಿದರೆ ಎರಡು ಜಾಗ ಕೊಡಬೇಕಾಗುತ್ತಿತ್ತು. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಹಗುರವಾಯಿತು.

ಸ್ವಾತಿ ಮಳೆ ಹಿಡಿದುಕೊಂಡಿತು. ದಿನವೂ ಚಿನ್ನಿಯ ಕೈ ಹಿಡಿದು ಮಾರ್ಕೆಟ್ಟಿನ ಸಂದಿಯಿಂದ ಆಸ್ಪತ್ರೆಗೆ ಹೋಗುತ್ತಿದ್ದೆ. ಅವಳು ಅಳುತ್ತಿರಲಿಲ್ಲ. ಸೂಜಿ ಕೋಣೆ ಹತ್ತಿರ ಬಂದಾಗ ನನ್ನ ಕಿರುಬೆರಳನ್ನು ಮಾತ್ರ ಗಟ್ಟಿಯಾಗಿ ಹಿಡಿಯುತ್ತಿದ್ದಳು. ಅವಳ ಹೊಟ್ಟೆಯ ಮೇಲೆ ಸಾಲಾಗಿ ಗಂಟುಗಳು ಎದ್ದಿದ್ದವು. ನರ್ಸಮ್ಮ ಪ್ರತಿದಿನ ಇನ್ನೂ ಚುಚ್ಚದ ಒಂದು ಜಾಗ ಹುಡುಕುತ್ತಿದ್ದರು. ಅವರು ತಮಿಳಿನವರು, ಕನ್ನಡವನ್ನು ತಮಿಳಿನ ರಾಗದಲ್ಲಿ ಆಡುತ್ತಿದ್ದರು. ಎಂಟನೆಯ ದಿನವಿರಬೇಕು, ಪುಸ್ತಕದಲ್ಲಿ ಬೆರಳಿಟ್ಟು, ಇದೇ ಮನೆಯ ಇನ್ನೊಬ್ಬರು ಎಲ್ಲಿ, ಐದನೇ ಸೂಜಿಯ ಮೇಲೆ ಕಾಣಲೇ ಇಲ್ಲವಲ್ಲ ಎಂದು ಕೇಳಿದರು. ಬರುತ್ತಾರಮ್ಮ ಅಂದೆ. ಅವರು ನನ್ನ ಖಾಕಿ ಅಂಗಿ ನೋಡಿ ಹೇಳಿದರು: "ಅವರಿಗೆ ಸರಿಯಾಗಿ ಹೇಳಪ್ಪ. ಈ ರೋಗ ಬಂದ್ರೆ ಆಮೇಲೆ ನಮ್ಮ ಕೈಲಿ ಏನೂ ಇಲ್ಲ."

ಹೇಳಿದೆ. ಅವತ್ತು ಮಧ್ಯಾಹ್ನ ಮಗುವನ್ನು ಇಳಿಸಿಕೊಳ್ಳಲು ಬಂದಾಗ, ನರ್ಸಮ್ಮ ಕೇಳುತ್ತಿದ್ದರೆಂದು ಹೇಳಿದೆ. ಅವನು ಮಗಳ ತಲೆಯ ಮೇಲೆ ಗೋಣಿಚೀಲದ ಕೊಪ್ಪೆ ಹಾಕುತ್ತಾ ನಿಂತ. ಅವನ ಮೈತುಂಬ ಕೆಮ್ಮಣ್ಣು. ನನ್ನನ್ನು ನೇರ ನೋಡಿ ಕೇಳಿದ:

"ಅಂಗಾರೆ ನಾಳೀಕೆ ಇಬ್ರುಗೂ ಜಾಗ ಕೊಡ್ತೀರಾ ಸ್ವಾಮಿ?"

ಅವನ ದನಿಯಲ್ಲಿ ಕೋಪವಿರಲಿಲ್ಲ. ಉತ್ತರ ಬೇಕಾಗಿತ್ತು, ಅಷ್ಟೇ. ನಾನು ಹುಣಿಸೆಮರದ ಕಡೆ ನೋಡಿದೆ. ಮಧ್ಯಾಹ್ನದ ಪಾಳಿಯವರು ಆಗಲೇ ಬಾಗಿಲಿಗೆ ಮುತ್ತಿದ್ದರು.

"ನೋಡೋಣ," ಅಂದೆ.

ಅವನು ತಲೆಯಾಡಿಸಿ ಹೋದ. ಮತ್ತೆ ಯಾವತ್ತೂ ಕೇಳಲಿಲ್ಲ.

ನಾನು ಸುಮ್ಮನೆ ಕೂತಿರಲಿಲ್ಲ ಎಂದು ಹೇಳಿಕೊಳ್ಳಲು ಒಂದಿಷ್ಟಿದೆ. ಕಂಪನಿಯ ಆಫೀಸಿಗೆ ಹೋದೆ. ಬೆಳಗ್ಗೆ ಇನ್ನೊಂದು ಟ್ರಿಪ್ಪು ಹಾಕಿ, ನಾನು ಮತ್ತು ಖಾದರ್ ಸಾಹೇಬರು ಹೆಚ್ಚಿನ ಕೂಲಿ ಕೇಳುವುದಿಲ್ಲ ಅಂದೆ. ಅಲ್ಲಿದ್ದ ಗುಮಾಸ್ತ ಒಳ್ಳೆಯವನೇ. ಇದ್ದಿಲಿನ ಕೋಟಾ ಮುಗಿದಿದೆ, ಟೈರಿಗೆ ಆರು ತಿಂಗಳ ಹಿಂದೆ ಬರೆದದ್ದಕ್ಕೇ ಜವಾಬಿಲ್ಲ, ಊರು ಹೀಗೆ ಬೆಳೆಯುತ್ತದೆಂದು ಯಾರಿಗೆ ಗೊತ್ತಿತ್ತು ಅಂದ. ಅರ್ಜಿ ಬರೆದುಕೊಂಡು ಬಾ ಎಂದ. ಕೆ.ಆರ್. ಪುರದಲ್ಲಿ ಬಸ್ಸಿನ ಬಾನೆಟ್ಟಿನ ಮೇಲೆ ಕಾಗದವಿಟ್ಟು ನಾನೇ ಬರೆದೆ. ಪಾಸಿನವರು ಸಹಿ ಹಾಕಿದರು, ಹಳ್ಳಿಯವರು ಹೆಬ್ಬೆಟ್ಟು ಒತ್ತಿದರು. ಹೆಬ್ಬೆಟ್ಟಿಗೆ ಮಸಿ ಇರಲಿಲ್ಲ. ಇದ್ದಿಲಿನ ಪುಡಿಯನ್ನೇ ನೀರಲ್ಲಿ ಕಲಸಿದೆವು. ಪಿಳ್ಳಪ್ಪನೂ ಒತ್ತಿದ. ಹರಿದ ಕೈಯದು. ಆ ಅರ್ಜಿ ತೆಗೆದುಕೊಂಡವರು ಅದನ್ನು ಇನ್ನೊಂದು ಆಫೀಸಿಗೆ ಕಳಿಸಿದರು. ಕಂಟೋನ್ಮೆಂಟು ಇಂಗ್ಲಿಷರದು, ಕೆ.ಆರ್. ಪುರ ಮೈಸೂರು ಮಹಾರಾಜರದು. ನಡುವಿನ ಬಸ್ಸು ಯಾರದೆಂದು ಅವರಿಗೇ ತೀರ್ಮಾನವಾಗಲಿಲ್ಲವೇನೋ. ಜವಾಬು ಬರಲಿಲ್ಲ.

ಹದಿನಾಲ್ಕನೇ ಸೂಜಿ ಮುಗಿದ ದಿನ ಚಿನ್ನಿಗೆ ಬೇಕರಿಯಿಂದ ಒಂದು ಬನ್ನು ಕೊಡಿಸಿದೆ. ಅವಳು ಅರ್ಧ ತಿಂದು ಅರ್ಧವನ್ನು ತಾಯಿಗೆಂದು ಲಂಗದ ಗಂಟಿನಲ್ಲಿ ಕಟ್ಟಿಕೊಂಡಳು. ಪಿಳ್ಳಪ್ಪ ಮಾರನೆಯ ದಿನ ಒಂದು ಕುಕ್ಕೆ ಅವರೆಕಾಯಿ ತಂದುಕೊಟ್ಟ. ಗಟ್ಟಿಮುಟ್ಟಾಗಿಯೇ ಇದ್ದ. ನಮ್ಮಮ್ಮನ ಮುಂದೆ ಆ ಕುಕ್ಕೆ ಇಟ್ಟು ಎಲ್ಲ ಕಥೆಯನ್ನೂ ಹೇಳಿದೆ, ಎರಡನೇ ಚೀಟಿಯ ವಿಷಯ ಒಂದು ಬಿಟ್ಟು. ಅಮ್ಮ, ಒಂದು ಜೀವ ಉಳಿಸಿದೆಯಲ್ಲಪ್ಪ, ಅಂದರು. ಆ ರಾತ್ರಿ ಅವರೆಕಾಳು ಸಾರಿನ ಊಟ ನನಗೆ ರುಚಿಯಾಗಿಯೇ ಇತ್ತು.

ಒಂದು ತಿಂಗಳ ಮೇಲೆ ಕೆಲವು ದಿನ ಕಳೆದಿರಬೇಕು. ಮಳೆ ನಿಂತು ಬೆಳಗಿನ ಮಂಜು ಶುರುವಾಗಿತ್ತು. ರಸ್ತೆಯ ಎರಡೂ ಕಡೆ ರಾಗಿ ಕೊಯ್ಲು. ನಲವತ್ತು ಜನರನ್ನು ತುಂಬಿಕೊಂಡು ಇನ್ನೇನು ಹೊರಡಬೇಕು, ಆಗ ಮೇಡಹಳ್ಳಿಯ ಕಡೆಯಿಂದ ಒಂದು ಇಟ್ಟಿಗೆ ಗಾಡಿ ಬಂತು. ಯಲ್ಲಮ್ಮನ ಅಣ್ಣ ಎತ್ತುಗಳನ್ನು ಓಡಿಸುತ್ತಿದ್ದ. ಗಾಡಿಯಲ್ಲಿ ಪಿಳ್ಳಪ್ಪ ಮುಸುಕು ಹಾಕಿ ಕೂತಿದ್ದ. ಹಿಂದಿನ ದಿನದಿಂದ ನೀರು ಕುಡಿಯಲಾಗುತ್ತಿಲ್ಲ, ಚೊಂಬು ಕಂಡರೆ ಗಂಟಲು ಹಿಡಿದುಕೊಳ್ಳುತ್ತದೆ, ಗಾಳಿ ಮುಖಕ್ಕೆ ತಾಗಿದರೆ ಮೈ ಸೆಟೆಯುತ್ತದೆ ಎಂದು ಅಣ್ಣ ಹೇಳಿದ. ಗಾಡಿಯಲ್ಲಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಏನಾಗುತ್ತದೋ, ಬಸ್ಸಿನಲ್ಲಿ ಜಾಗ ಕೊಡಿ ಎಂದು ನನ್ನ ಕಾಲು ಹಿಡಿಯಲು ಬಂದ.

ಬಸ್ಸಿನೊಳಗೆ ಸುದ್ದಿ ಹರಡಿತು. ಕಚ್ಚಿಬಿಡುತ್ತಾನೆ, ಹತ್ತಿಸಬೇಡಿ ಎಂದು ಒಬ್ಬ. ನಮಗೂ ಮಕ್ಕಳುಮರಿ ಇದ್ದಾರೆ ಎಂದು ಇನ್ನೊಬ್ಬ. ಗೇಟು ಹಾಕುತ್ತಾರೆ, ಹೊರಡಿ ಎಂದು ಹಿಂದಿನವರು. ನಾನು ಫುಟ್‌ಬೋರ್ಡಿನ ಮೇಲೆ ಕಂಬ ಹಿಡಿದು ನಿಂತಿದ್ದೆ. ಖಾದರ್ ಸಾಹೇಬರು ಸೀಟಿನಿಂದ ಇಳಿದು ಬಂದು, ಗಾಡಿಯ ಹತ್ತಿರ ಹೋಗಿ, ಮುಸುಕಿನೊಳಗೆ ಒಂದು ಸಲ ನೋಡಿದರು. ವಾಪಸು ಬಂದು ಬಾಗಿಲ ಹತ್ತಿರ ನಿಂತರು.

"ಎಲ್ರೂ ಇಳೀರಿ," ಅಂದರು.

ಯಾರೂ ಅಲ್ಲಾಡಲಿಲ್ಲ. ಅವರು ನನ್ನನ್ನು ನೋಡಿದರು. ಆಗ ನಾನು ಒಳಗೆ ಹೋದೆ. ಆ ವರ್ಷವೆಲ್ಲ ಜನರನ್ನು ಇಳಿಸಿದವನು ನಾನೇ. ಅದೊಂದು ಕೆಲಸ ನನಗೆ ಚೆನ್ನಾಗಿ ಬರುತ್ತಿತ್ತು. ಒಬ್ಬೊಬ್ಬರ ಹತ್ತಿರವೂ ಹೋಗಿ ಕೈಮುಗಿದು, ಇಳೀರಿ ಅಂದೆ. ಮೊದಲು ಇಳಿದವರು ಡಿಪೋದ ಒಬ್ಬ ಮುದುಕರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಇಳಿದರು, ಕೆಲವರು ಮರುಕದಿಂದ, ಹೆಚ್ಚಿನವರು ಭಯದಿಂದ.

ಮೂವತ್ತು ಸೀಟಿನ ಬಸ್ಸಿನಲ್ಲಿ ಪಿಳ್ಳಪ್ಪ ಒಬ್ಬನೇ. ಅವನ ಭಾವ ಪಕ್ಕದಲ್ಲಿ ನಿಂತಿದ್ದ. ಗಾಳಿ ತಾಗಬಾರದೆಂದು ಕಿಟಕಿಗಳ ಕ್ಯಾನ್ವಾಸ್ ಪರದೆಗಳನ್ನೆಲ್ಲ ಇಳಿಸಿ ಕಟ್ಟಿದೆ. ಭಾರವಿಲ್ಲದ ಬಸ್ಸು ಬಿನ್ನಮಂಗಲದ ದಿಬ್ಬವನ್ನು ಯಾರೂ ತಳ್ಳದೆಯೇ ಹತ್ತಿತು. ಪರದೆಯ ಸಂದಿಯಿಂದ ಗಾಳಿ ನುಗ್ಗಿದಾಗಲೆಲ್ಲ ಅವನ ಕುತ್ತಿಗೆಯ ನರಗಳು ಎದ್ದು ನಿಲ್ಲುತ್ತಿದ್ದವು. ನಾನು ನನ್ನ ಅಂಗಿ ಬಿಚ್ಚಿ ಆ ಸಂದಿಗೆ ಒತ್ತಿ ಹಿಡಿದು, ಅವನ ಪಕ್ಕದಲ್ಲೇ ಕೂತೆ. ಅವನಿಗೆ ಪೂರ್ತಿ ಪ್ರಜ್ಞೆಯಿತ್ತು. ನನ್ನ ಗುರುತು ಹಿಡಿದ.

"ದೂರ ಕೂತ್ಕಳಿ ಸ್ವಾಮಿ," ಅಂದ. ದನಿ ಸೀಳಿ ಬರುತ್ತಿತ್ತು. "ಜಾಗ ಐತಲ್ಲ."

ನಾನು ದೂರ ಹೋಗಲಿಲ್ಲ. ಆಸ್ಪತ್ರೆಯಲ್ಲಿ ಅದೇ ನರ್ಸಮ್ಮ ಇದ್ದರು. ನನ್ನನ್ನು ನೋಡಿದರು. ಹಿಂದುಗಡೆಯ ಒಂಟಿ ಕೋಣೆಯಲ್ಲಿ ಕಿಟಕಿ ಮುಚ್ಚಿ ಅವನನ್ನು ಮಲಗಿಸಿದರು. ಎರಡನೆಯ ದಿನ ಮಧ್ಯಾಹ್ನ ಹೋಗಿಬಿಟ್ಟ.

ಆ ಬೆಳಗ್ಗೆ ನಾವು ಇಳಿಸಿಹೋದ ಪಾಸಿನವರು ನಡೆದುಕೊಂಡು ಡಿಪೋ ಮುಟ್ಟುವಾಗ ಗೇಟು ಹಾಕಿತ್ತು. ಅವರಲ್ಲಿ ಇಬ್ಬರಿಗೆ ಅದು ಮೂರನೇ ಸಲ, ಕೆಲಸ ಹೋಯಿತು. ದೂರು ಬಂದದ್ದು ನ್ಯಾಯವಾಗಿಯೇ. ಕಂಪನಿ ಖಾದರ್ ಸಾಹೇಬರನ್ನು ಬೇರೆ ದಾರಿಗೆ ಹಾಕಿತು, ನನ್ನನ್ನು ತೆಗೆದುಹಾಕಿತು. ಕೆಲಸ ಹೋದ ಇಬ್ಬರಲ್ಲಿ ಒಬ್ಬ ಮರ್ಫಿ ಟೌನಿನ ತಂಗಿಯ ಮನೆಗೆ ಬಂದು ಸೇರಿಕೊಂಡಿದ್ದ. ಬೀದಿಯಲ್ಲಿ ಎದುರಾದರೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದ.

ಹನ್ನೊಂದನೇ ದಿನದ ಕಾರ್ಯವಾದ ಮೇಲೆ ಒಂದು ಸಂಜೆ ಮೇಡಹಳ್ಳಿಗೆ ಹೋದೆ. ಯಲ್ಲಮ್ಮ ಗೋಡೆಗೊರಗಿ ಕೂತು ಕೂಸಿಗೆ ಹಾಲು ಕೊಡುತ್ತಿದ್ದಳು. ಚಿನ್ನಿ ನನ್ನನ್ನು ನೋಡಿ ಓಡಿ ಬಂದು ಕಿರುಬೆರಳು ಹಿಡಿದಳು. ತಾಯಿಯ ಮುಖ ನೋಡಿ ಬಿಟ್ಟಳು. ನಾನು ಹೋಗಿದ್ದದ್ದು ಒಂದು ಮಾತು ಹೇಳಲೆಂದೇ. ದಾರಿಯುದ್ದಕ್ಕೂ ಅದನ್ನು ಜೋಡಿಸಿಕೊಂಡಿದ್ದೆ. ಎರಡು ಚೀಟಿ ನೋಡಿದ್ದೆ, ಅವರು ಜಾಗ ಕೇಳಿದ್ದರು, ಒಬ್ಬ ಪಾಸಿನವನನ್ನು ಇಳಿಸಿ ಅವರನ್ನು ಹತ್ತಿಸಬಹುದಿತ್ತು, ಒಂದು ದಿನವೂ ಹಾಗೆ ಮಾಡಲಿಲ್ಲ ಎಂದು ಹೇಳಿದೆ.

ಅವಳು ಕೂಸನ್ನು ಇನ್ನೊಂದು ಬದಿಗೆ ಹಾಕಿಕೊಂಡಳು.

"ಇಳಿಸಿದ್ರೆ ಅವ್ನು ಎಂಗೋಗ್ತಿದ್ದ?" ಅಂದಳು. "ಅವ್ನುಗೂ ಮಕ್ಳಿರ್ತಾವಲ್ಲ."

ಆಮೇಲೆ, ಕತ್ತಲಾಯಿತು, ಇಲ್ಲೇ ಇದ್ದು ಬೆಳಗ್ಗೆ ಹೋಗಿ ಅಂದಳು. ಅವಳ ಅಣ್ಣನ ಜಗುಲಿಯ ಮೇಲೆ ಮಲಗಿದೆ.

ಬೆಳಗ್ಗೆ ಎದ್ದು ಕೆ.ಆರ್. ಪುರದ ಹುಣಿಸೆಮರದ ತನಕ ಬಂದೆ. ನನ್ನ ಹಳೆಯ ಬಸ್ಸು ಹೊಗೆ ಕಾರುತ್ತಾ ನಿಂತಿತ್ತು. ಹೊಸ ಕಂಡಕ್ಟರ್ ನಲವತ್ತು ಎಣಿಸಿ ಗಂಟೆ ಎಳೆದ. ಅದು ಹೊರಟ ಮೇಲೆ ನಾನೂ ಅದರ ಹಿಂದೆಯೇ ಹೊರಟೆ. ಒಬ್ಬ ಮನುಷ್ಯನಿಂದ ಆಗುತ್ತಿತ್ತೋ ಇಲ್ಲವೋ ಎಂದು ನನಗೆ ತಿಳಿಯಬೇಕಾಗಿತ್ತು. ಬೈಯಪ್ಪನಹಳ್ಳಿಯ ತನಕ ಓಡಿದೆ. ಬಿನ್ನಮಂಗಲದಲ್ಲಿ ಪಕ್ಕೆ ಹಿಡಿದುಕೊಂಡಿತು. ಹಲಸೂರಿನಲ್ಲಿ ನಮ್ಮ ಮನೆಯ ಬೀದಿ ದಾಟುವಾಗ ಚಪ್ಪಲಿಯ ಬಾರು ಕಿತ್ತು, ಬರಿಗಾಲಲ್ಲಿ ಕೆರೆಯಂಚು ಹಿಡಿದು ದಿಬ್ಬ ಹತ್ತಿದೆ. ನನಗೆ ಇಪ್ಪತ್ತೆರಡು ವರ್ಷ. ಮೈಯಲ್ಲಿ ಗಾಯವಿರಲಿಲ್ಲ. ಹಿಂದಿನ ದಿನವೆಲ್ಲ ಇಟ್ಟಿಗೆ ಹೊತ್ತಿರಲಿಲ್ಲ, ಮಗುವನ್ನು ಹೆಗಲ ಮೇಲೆ ಎರಡು ಮೈಲಿ ತಂದಿರಲಿಲ್ಲ.

ಆಸ್ಪತ್ರೆಯ ಆವರಣದಲ್ಲಿ ಬಿಸಿಲು ಚೆನ್ನಾಗಿ ಏರಿತ್ತು. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಸೂಜಿ ಕೋಣೆಯ ಬಾಗಿಲಿಗೆ ಹೊರಗಿನಿಂದ ಅಗುಳಿ ಹಾಕಿತ್ತು.

ನೆಲ ಒರೆಸುತ್ತಿದ್ದ ಆಯಾ ತಲೆಯೆತ್ತಿ, ಈಗ ತಾನೇ ಹಾಕಿದರಲ್ಲಪ್ಪ, ನಾಳೆ ಬೇಗ ಬಾ, ಅಂದಳು.